ಸ್ಕೂಲ್ ಬಿಟ್ಮೇಲೆ ಮಕ್ಕಳಿಗೆ ಕಪೊಯೆರಾ ಹೇಳಿಕೊಡ್ತಿದ್ದೀನಿ, ಇದನ್ನ ಬರೀ ಡ್ಯಾನ್ಸ್ ಅಂತ ಹೇಳಿಬಿಡ್ಲಾ?

ಬರಿಗಾಲು ಕೇಳಿದ್ದು:

ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ನಾನು ಏಳು ವರ್ಷದಿಂದ ಕಪೊಯೆರಾ ಕಲೀತಿದ್ದೀನಿ, ಅದೇ ಹಾಡು ವಾದ್ಯದ ಜೊತೆ ಇಬ್ಬರು ಎದುರೆದುರು ಒದೆತ, ತಪ್ಪಿಸಿಕೊಳ್ಳೋದು ಅಂತ ಆಡೋ ಬ್ರೆಜಿಲಿನ ಕಲೆ. ನಮ್ಮ ಟೀಚರ್ ಇಲ್ಲದ ದಿನ ದೊಡ್ಡವರ ಕ್ಲಾಸಿಗೆ ವಾರ್ಮಪ್ ಮಾಡಿಸಿದ್ದು ಬಿಟ್ರೆ ಪಾಠ ಹೇಳಿದ ಅನುಭವ ಇರ್ಲಿಲ್ಲ. ಮೂರು ತಿಂಗಳ ಹಿಂದೆ ಒಂದು ಸ್ಕೂಲಿನವರು ಕೇಳಿದ್ರು, ಸಂಜೆ ಬೆಲ್ ಹೊಡೆದ್ಮೇಲೆ ಅಪ್ಪ ಅಮ್ಮ ಬರೋತನಕ ಮಕ್ಕಳು ಸುಮ್ನೆ ಕೂತಿರ್ತವೆ, ವಾರಕ್ಕೆ ಎರಡು ದಿನ 50 ನಿಮಿಷ ಬಂದು ಹೇಳಿಕೊಡ್ತೀರಾ ಅಂತ. ಹಿಂದೆಮುಂದೆ ನೋಡ್ದೆ ಒಪ್ಕೊಂಡೆ. ಈಗ 19 ಮಕ್ಕಳಿದಾರೆ, 6 ವರ್ಷದವರಿಂದ 11 ವರ್ಷದವರ ತನಕ, ಎಲ್ಲರೂ ಒಂದೇ ಹಾಲಲ್ಲಿ.

ಕಷ್ಟ ಎಲ್ಲಿ ಶುರುವಾಯ್ತು ಅಂದ್ರೆ, ಮೊದಲ್ನೇ ದಿನ ಅವಕ್ಕೆ ಹುಮ್ಮಸ್ಸು ಬರ್ಲಿ ಅಂತ ನಾನೇ ಒಂದು ಮೇಯಾ ಲುವಾ, ಅಂದ್ರೆ ಕಾಲನ್ನ ಅರ್ಧಚಂದ್ರದ ಥರ ಬೀಸೋ ಒದೆತ, ಬೀಸಿ ಅದರ ಬೆನ್ನಿಗೇ ಕೈ ಊರಿ ಒಂದು ಅಊ ಹಾಕಿ ತೋರಿಸ್ಬಿಟ್ಟೆ. ಅವತ್ತಿಂದ ಅವರ ಪಾಲಿಗೆ ಕಪೊಯೆರಾ ಅಂದ್ರೆ ಒದೆಯೋದು ಮತ್ತೆ ಗಾಲಿ ಥರ ಉರುಳೋದು, ಅಷ್ಟೇ. ಜಿಂಗಾ, ಅಂದ್ರೆ ಕಪೊಯೆರಾದ ಮೂಲ ತೂಗಾಟದ ಹೆಜ್ಜೆ, ಮಾಡ್ರಪ್ಪ ಅಂದ್ರೆ ಒಂದು ನಿಮಿಷ ಅತ್ಲಾಗೆ ಇತ್ಲಾಗೆ ತೂಗಾಡಿ "ಅಕ್ಕಾ ಒದೆಯೋದು ಯಾವಾಗ" ಅಂತ ಶುರು. ಹೋದ ವಾರ ಒಬ್ಬ ಹುಡುಗ ತಿರುಗಿ ಬೀಸಿದ ಕಾಲು ಪಕ್ಕದ ಹುಡುಗಿ ಕಿವಿಗೆ ತಾಗ್ತು. ಪುಣ್ಯಕ್ಕೆ ಏಟೇನೂ ಆಗ್ಲಿಲ್ಲ, ಆದ್ರೆ ಅವಳು ಅತ್ತಿದ್ದು ಆಫೀಸ್ ರೂಮಿನ ತನಕ ಕೇಳಿಸ್ತು. ಮಾರನೇ ದಿನ ಹೆಡ್ ಮೇಡಂ ಕರೆದು ತುಂಬಾ ಮೆತ್ತಗೇನೇ ಹೇಳಿದ್ರು, ಪೇರೆಂಟ್ಸ್ ಹತ್ರ ಫೈಟು ಗೀಟು ಅನ್ಬೇಡಿ, ನೋಟಿಸಲ್ಲಿ ಬ್ರೆಜಿಲ್ ಡ್ಯಾನ್ಸ್ ಅಂತ ಹಾಕಿಬಿಡೋಣ ಅಂತ. ಅವರ ಮೇಲೆ ನಂಗೆ ಸಿಟ್ಟಿಲ್ಲ, ಅವರ ಜವಾಬ್ದಾರಿ ಅವರಿಗೆ. ಆದ್ರೆ ಹಾಗೆ ಹಾಕಿದ್ರೆ ಯಾಕೋ ನಾನೇ ಸುಳ್ಳು ಹೇಳ್ದಂಗೆ ಅನ್ಸುತ್ತೆ.

ಇನ್ನೊಂದು. ಕಪೊಯೆರಾ ಎಲ್ಲಿಂದ ಬಂತು ಅಂತ ಒಂದಿನ ಕೂರಿಸ್ಕೊಂಡು ಕಥೆ ಹೇಳ್ದೆ, ಆಫ್ರಿಕಾದಿಂದ ಹಿಡ್ಕೊಂಡು ಬಂದಿದ್ರು, ಕೈಗೆ ಕೋಳ ಹಾಕಿದ್ರು ಅದಕ್ಕೇ ಕಾಲಲ್ಲಿ ಹೊಡೆಯೋದು ಕಲಿತ್ರು, ಯಜಮಾನರಿಗೆ ಗೊತ್ತಾಗ್ಬಾರ್ದು ಅಂತ ಕುಣಿತದ ಥರ ಮಾಡಿದ್ರು, ನಮಗೆ ಹೇಳಿದ್ದೂ ಹಾಗೇ. 9 ವರ್ಷದ ಒಬ್ಬಳು ಕೈ ಎತ್ತಿ "ಅವ್ರು ಯಾಕೆ ಓಡಿಹೋಗ್ಲಿಲ್ಲ ಅಕ್ಕಾ?" ಅಂದ್ಳು. ಬಾಯಿಗೆ ಏನೂ ಬರ್ಲಿಲ್ಲ, ನಾಳೆ ಹೇಳ್ತೀನಿ ಅಂತ ತೇಲಿಸಿ ಬಂದೆ. ಇಷ್ಟು ಚಿಕ್ಕವರಿಗೆ ಗುಲಾಮಗಿರಿ ಬಗ್ಗೆ ಎಷ್ಟು ಹೇಳ್ಬೇಕು, ಯಾವ ಮಾತಲ್ಲಿ ಹೇಳ್ಬೇಕು?

ಕೊನೇದಾಗಿ, ಒಬ್ಬ ಹುಡುಗ ಇದಾನೆ, 8 ವರ್ಷ. ಅಭ್ಯಾಸ ಎಲ್ಲ ಮಾಡ್ತಾನೆ. ರೋಡಾ ಅಂತ ಸುತ್ತ ನಿಂತ್ಕೊಂಡ್ರೆ ಮಾತ್ರ ಒಳಗೆ ಕಾಲಿಡಲ್ಲ, ಚಪ್ಪಾಳೆ ತಟ್ತಾ ಗೋಡೆಗೆ ಅಂಟ್ಕೊಂಡಿರ್ತಾನೆ. ಬಲವಂತ ಮಾಡ್ಲಾ, ಬಿಡ್ಲಾ? ಮಕ್ಕಳಿಗೆ ಹೇಳಿಕೊಟ್ಟವರು ಯಾರಾದ್ರೂ ಇದ್ರೆ ದಾರಿ ತೋರಿಸಿ.

ಹಳೇತಂತಿ ಬರೆದಿದ್ದು:

ಬರಿಗಾಲು ಅವರೇ, ನಾನು ಅಂಗೋಲಾ ಅನ್ನೋ ಕಪೊಯೆರಾ ಶೈಲಿ ಕಡೆಯವನು, ಮಕ್ಕಳ ಕ್ಲಾಸ್ ಶುರು ಮಾಡಿ ಹತ್ತು ವರ್ಷದ ಮೇಲಾಯ್ತು. ನೀವು ಬರೆದಿದ್ದರಲ್ಲಿ ಎಲ್ಲ ಇದೆ, ಬೆರಿಂಬಾವ್ ಅನ್ನೋ ಮಾತೇ ಇಲ್ಲ, ಅದೇ ಬಿಲ್ಲಿನಂಥ ಕಡ್ಡಿಗೆ ಒಂದು ತಂತಿ, ಒಂದು ಸೋರೆ ಬುರುಡೆ ಕಟ್ಟಿದ ನಮ್ಮ ಮುಖ್ಯ ವಾದ್ಯ. ತಪ್ಪು ತಿಳ್ಕೋಬೇಡಿ, ಮೊದಲ್ನೇ ವರ್ಷ ನಾನೂ ಇದೇ ಮಾಡಿದ್ದು, ಮೊಬೈಲಲ್ಲಿ ಹಾಡು ಹಾಕಿ ಒಂದು ಎರಡು ಮೂರು ಅಂತ ಎಣಿಸ್ತಾ ಜಿಂಗಾ ಮಾಡಿಸ್ತಿದ್ದೆ. ಎಣಿಸಿ ಮಾಡಿಸಿದ ಜಿಂಗಾ ಮಕ್ಕಳಿಗೆ ಕವಾಯತು ಇದ್ದಂಗೆ, ಬೋರ್ ಆಗ್ದೆ ಇನ್ನೇನಾಗುತ್ತೆ.

ನಾನು ಈಗ ಮಾಡೋದು ಹೀಗೆ. ಮಕ್ಕಳು ಬಂದು ಚಪ್ಪಲಿ ಬಿಡೋ ಹೊತ್ತಿಗೆ ನಾನು ಆಗ್ಲೇ ಬಾರಿಸ್ತಾ ಕೂತಿರ್ತೀನಿ. ಯಾರಿಗೂ ಬನ್ನಿ ಅನ್ನಲ್ಲ. ಬಂದವರು ಸುತ್ತ ಕೂತ್ಕೊಳ್ತಾರೆ, ನಾನು ಬಾಯಲ್ಲಿ ತಾಳ ಹೇಳ್ತೀನಿ, ತ್ಚಿ ತ್ಚಿ ದೋಂ ದಿಂ, ತ್ಚಿ ತ್ಚಿ ದೋಂ ದಿಂ, ಇದು ಅಂಗೋಲಾ ಅನ್ನೋ ಬಾರಿಸುವಿಕೆ, ನಿಧಾನದ್ದು. ತಂತಿಗೆ ಕಲ್ಲು ಅರ್ಧಂಬರ್ಧ ತಾಗಿಸಿದ್ರೆ ಗರಗರ ಅನ್ನೋ ತ್ಚಿ, ಕಲ್ಲು ತೆಗೆದು ಹೊಡೆದ್ರೆ ದೋಂ, ಒತ್ತಿ ಹೊಡೆದ್ರೆ ದಿಂ. ಮಕ್ಕಳು ಇದನ್ನ ಒಂದೇ ದಿನದಲ್ಲಿ ಬಾಯಿಪಾಠ ಮಾಡ್ತಾರೆ. ಆಮೇಲೆ ನಿಲ್ಲಿಸಿ, ದೋಂ ಕೇಳ್ದಾಗ ಒಂದು ಕಾಲು ಹಿಂದೆ, ಮುಂದಿನ ದೋಂಗೆ ಇನ್ನೊಂದು ಕಾಲು ಹಿಂದೆ. ಜಿಂಗಾ ಬಂತು! ನಾನು ತಾಳ ನಿಧಾನ ಮಾಡಿದ್ರೆ ಅವ್ರೂ ನಿಧಾನ, ನಿಲ್ಲಿಸಿದ್ರೆ ಎಲ್ಲಿದ್ರೆ ಅಲ್ಲೇ ಕಲ್ಲಾಗ್ಬೇಕು. 6 ವರ್ಷದವರು ಇದನ್ನ ಹತ್ತು ನಿಮಿಷ ಬೇಜಾರಿಲ್ದೆ ಆಡ್ತಾರೆ, ಯಾಕಂದ್ರೆ ಅವರ ಕಿವಿಗೆ ಕೆಲಸ ಸಿಕ್ತು.

ಗೋಡೆಗೆ ಅಂಟಿದ ಹುಡುಗನ್ನ ದಯವಿಟ್ಟು ಎಳೀಬೇಡಿ. ಚಪ್ಪಾಳೆ ತಟ್ತಿದಾನೆ ಅಂದ್ರೆ ಅವನು ರೋಡಾ ಒಳಗೇ ಇದಾನೆ. ಬಾರಿಸೋರು, ಹಾಡೋರು, ಚಪ್ಪಾಳೆ ತಟ್ಟೋರು, ಆಡೋರು, ಇಷ್ಟೂ ಜನ ಸೇರಿದ್ರೇನೇ ರೋಡಾ, ನಡುವೆ ಇರೋ ಇಬ್ಬರೇ ಅಲ್ಲ. ಅವನ ಕೈಗೆ ಕಶಿಶಿ ಕೊಡಿ, ಅದೇ ಒಳಗೆ ಬೀಜ ಹಾಕಿ ಹೆಣೆದ ಪುಟ್ಟ ಗಿಲಕಿ ಬುಟ್ಟಿ. ನಿಮ್ಮ ಪಕ್ಕ ಕೂರಿಸ್ಕೊಳ್ಳಿ. ನನ್ನ ಹತ್ರ ಒಬ್ಬಳು ಏಳು ತಿಂಗಳು ಬರೀ ಪಂಡೇರೊ, ನಮ್ಮ ಕಂಜೀರದಂಥದ್ದು, ಬಾರಿಸಿದ್ಳು, ಎಂಟನೇ ತಿಂಗಳು ಒಂದಿನ ಪಂಡೇರೊನ ಪಕ್ಕದವಳ ಕೈಗೆ ಕೊಟ್ಟು ಎದ್ದು ಒಳಗೆ ಹೋದ್ಳು. ಯಾಕೆ ಅವತ್ತೇ ಅಂತ ಇವತ್ತಿಗೂ ನಾನು ಕೇಳಿಲ್ಲ.

ಡ್ಯಾನ್ಸ್ ವಿಷಯಕ್ಕೆ ಆಮೇಲೆ ಬರ್ತೀನಿ, ಈಗ ಕ್ಲಾಸಿಗೆ ಹೊತ್ತಾಯ್ತು.

ಮಕ್ಕಳಮೇಡಂ ಬರೆದಿದ್ದು:

ನನಗೆ ಕಪೊಯೆರಾ ಬರಲ್ಲ, ಪ್ರೈಮರಿ ಟೀಚರ್ ನಾನು, ಸಂಜೆ ಹೊತ್ತಿನ ಮಕ್ಕಳು ಹೇಗಿರ್ತಾರೆ ಅಂತ ಮಾತ್ರ ಚೆನ್ನಾಗಿ ಗೊತ್ತು. ಬೆಳಗ್ಗೆಯಿಂದ ಬೆಂಚಲ್ಲಿ ಕೂತು ಕೂತು ಮೈ ಮರಗಟ್ಟಿರುತ್ತೆ, ತಲೆ ತುಂಬಿರುತ್ತೆ, ಹೊಟ್ಟೆ ಖಾಲಿ ಇರುತ್ತೆ. ಮೊದಲ ಐದು ನಿಮಿಷದಲ್ಲಿ ನೀವು ಯಾವ ಸೂಚನೆ ಕೊಟ್ರೂ ಅದು ಗಾಳಿಗೆ ಹೋಗುತ್ತೆ. ಓಡೋಕೆ ಬಿಡಿ. ಸುಮ್ನೆ ಓಡೋದಲ್ಲ, ನಿಮ್ಮದೇ ಆಟದಲ್ಲಿ ಓಡ್ಸಿ. ಕೋತಿ ನಡಿಗೆ, ಕಪ್ಪೆ ಜಿಗಿತ, ಏಡಿ ಥರ ಬೆನ್ನು ಕೆಳಗೆ ಮಾಡಿ ಕೈಕಾಲಲ್ಲಿ ನಡೆಯೋದು, ನಿಮ್ಮ ಕಲೆಯಲ್ಲೂ ಕೈ ನೆಲಕ್ಕೂರೋದು ಜಾಸ್ತಿ ಅಲ್ವಾ, ಅದಕ್ಕೆ ಮೈ ತಯಾರೂ ಆಗುತ್ತೆ, ಆವೇಶವೂ ಇಳಿಯುತ್ತೆ.

6 ವರ್ಷದವರನ್ನೂ 11 ವರ್ಷದವರನ್ನೂ ಒಟ್ಟಿಗೆ ಒಂದೇ ಅಭ್ಯಾಸಕ್ಕೆ ನಿಲ್ಲಿಸ್ಬೇಡಿ. ಹಾಗಂತ ಬೇರೆ ಮಾಡಿ ಅಂತಾನೂ ಅಲ್ಲ. ದೊಡ್ಡವರಿಗೆ ಒಬ್ಬೊಬ್ಬ ಚಿಕ್ಕವರನ್ನ ವಹಿಸಿಕೊಡಿ, "ಇವತ್ತು ಇವಳಿಗೆ ಏಟು ಬೀಳದ ಹಾಗೆ ನೋಡ್ಕೊಳ್ಳೋದು ನಿನ್ನ ಜವಾಬ್ದಾರಿ" ಅಂತ. ತರಗತಿಯಲ್ಲಿ ಎಲ್ಲರಿಗಿಂತ ತುಂಟ ಅನ್ನಿಸ್ಕೊಂಡ ಹುಡುಗನೇ ಆ ಕೆಲಸಕ್ಕೆ ಮೈಯೆಲ್ಲ ಕಣ್ಣಾಗಿ ನಿಲ್ತಾನೆ, ಇದು ನಾನು ಕಣ್ಣಾರೆ ಕಂಡಿದ್ದು. ಮತ್ತೆ ಆ ಕಿವಿಗೆ ಏಟು ಬಿದ್ದ ಹುಡುಗಿ ವಾಪಸ್ ಬಂದ್ಳಾ? ಒದ್ದ ಹುಡುಗನಿಗೂ ಅವಳಿಗೂ ನಡುವೆ ನೀವು ಮಾತಾಡಿಸಿದ್ರಾ? ಎಲ್ಲಕ್ಕಿಂತ ಮೊದಲು ಅದು ಆಗ್ಬೇಕು.

ಅರ್ಧಚಂದ್ರ ಬರೆದಿದ್ದು:

ಹಳೇತಂತಿ ಅಣ್ಣ ಹೇಳಿದ್ದು ಸರಿ, ಸಂಗೀತ ಮೊದಲು. ಆದ್ರೆ ಒಂದು ಕಡೆ ನಾನು ಬೇರೆ ಥರ ಯೋಚ್ನೆ ಮಾಡ್ತೀನಿ. ನಾನು ರೆಜಿಯೊನಾಲ್ ಕಲಿತವನು, ಅದು ಮೆಸ್ತ್ರಿ (ಅಂದ್ರೆ ಗುರು) ಬಿಂಬಾ ಕಟ್ಟಿದ ಶೈಲಿ. ಮಕ್ಕಳು "ಒದೆಯೋದು ಯಾವಾಗ" ಅಂತ ಕೇಳಿದ್ರೆ ಅದನ್ನ ಮುಂದೂಡೋದು ಬೇಡ, ಮೊದಲ ದಿನವೇ ಕೊಡಿ, ಆದ್ರೆ ಒದೆತ ಒಂದನ್ನೇ ಯಾವತ್ತೂ ಕೊಡ್ಬೇಡಿ. ಮೆಸ್ತ್ರಿ ಬಿಂಬಾ ಮಾಡಿದ್ದೇ ಅದು. ಅವರ ಹೆಸರು ಮನೊಯೆಲ್ ದೊಸ್ ರೇಯಿಸ್ ಮಶಾದೊ, ಬ್ರೆಜಿಲಿನ ಬಯ್ಯಾ ರಾಜ್ಯದ ಸಾಲ್ವದೋರ್ ಊರಿನವರು. ಹೊಸಬರಿಗೆ ಅಂತ ಇಬ್ಬಿಬ್ಬರು ಆಡೋ ಎಂಟು ಜೋಡಣೆ ಕಟ್ಟಿದ್ರು, ಒಬ್ಬ ಬೀಸಿದ್ರೆ ಇನ್ನೊಬ್ಬ ತಪ್ಪಿಸ್ಕೊಂಡು ಉತ್ತರ ಕೊಡ್ಬೇಕು, ಅಂದ್ರೆ ಪ್ರತಿ ಒದೆತಕ್ಕೂ ಒಂದು ತಪ್ಪಿಸಿಕೊಳ್ಳೋದು ಗಂಟು ಬಿದ್ದಿರುತ್ತೆ. ಜಿಂಗಾನ ಹೊಸಬರ ಎರಡೂ ಕೈ ಹಿಡ್ಕೊಂಡು ಎದುರೆದುರು ನಿಂತು ಕಲಿಸ್ತಿದ್ರಂತೆ. ನೀವೂ ಕೈ ಹಿಡೀರಿ. 19 ಜನ ಇದ್ರೆ ಒಬ್ಬೊಬ್ಬರಿಗೆ ಅರ್ಧ ಅರ್ಧ ನಿಮಿಷ ಆದ್ರೂ ಸಾಕು, ಎಣಿಸಿ ಹೇಳಿ ಬಾರದ್ದು ಕೈಯಿಂದ ಕೈಗೆ ಬರುತ್ತೆ, ಮಗುವಿನ ತೂಕ ಯಾವ ಕಾಲ ಮೇಲಿದೆ ಅಂತ ನಿಮ್ಮ ಅಂಗೈಗೇ ಗೊತ್ತಾಗುತ್ತೆ.

ನಾನು ಮಕ್ಕಳಿಗೆ ಮಾಡಿಸೋದು: ಮೊದಲು ಕೊಕೊರಿಂಯಾ, ಪೂರ್ತಿ ಕುಕ್ಕರಗಾಲಲ್ಲಿ ಕೂತು ಒಂದು ಕೈ ಮುಖಕ್ಕೆ ಅಡ್ಡ. ಒಂದು ಮೆತ್ತನೆ ಸ್ಪಂಜಿನ ಕೋಲು ತಗೊಂಡು ಅವರ ತಲೆ ಮಟ್ಟಕ್ಕೆ ನಿಧಾನ ಬೀಸ್ತಾ ಹೋಗ್ತೀನಿ, ಸಾಲಿನಲ್ಲಿ ಒಬ್ಬೊಬ್ಬರೇ ಅಲೆ ಥರ ಕೂತು ಏಳ್ತಾರೆ. ಕಣ್ಣು ಮುಚ್ಚಿದ್ರೆ ಔಟ್. ಕಣ್ಣು ಬಿಟ್ಕೊಂಡು ಕೂರೋದು ಬಂದ್ಮೇಲೆ ಕೋಲಿನ ಜಾಗಕ್ಕೆ ಮೇಯಾ ಲುವಾ ಬರುತ್ತೆ, ಅದೂ ಒಂದು ಕೈ ಅಳತೆ ದೂರದಿಂದ, ಎದುರಿನವರು ಕೂತಿದಾರೆ ಅಂತ ನೋಡಿದ್ಮೇಲೇ ಕಾಲು ಏಳ್ಬೇಕು. ತಿರುಗಿ ಬೀಸೋ ಒದೆತ ಇದೆಯಲ್ಲ, ಅರ್ಮಾದಾ ಥರದ್ದು, ಅದನ್ನ 9 ವರ್ಷದ ಕೆಳಗಿನವರಿಗೆ ನಾನು ಕೊಡಲ್ಲ. ತಿರುಗೋ ಕ್ಷಣದಲ್ಲಿ ಎದುರಿನವರು ಕಣ್ಣಿಂದ ತಪ್ಪಿಹೋಗ್ತಾರೆ, ನಿಮ್ಮ ಕ್ಲಾಸಲ್ಲಿ ಆಗಿದ್ದೂ ಅದೇ. ಅಊ ಮಾಡುವಾಗ್ಲೂ ನೆಲ ನೋಡೋಕೆ ಬಿಡ್ಬೇಡಿ, ತಲೆಕೆಳಗಾಗಿದ್ರೂ ಕಣ್ಣು ಎದುರಿನವರ ಮೇಲೇ.

ನೆಲ ಸಿಮೆಂಟ್ ಇದ್ರೆ ಮಣಿಕಟ್ಟಿನ ಬಗ್ಗೆ ಹುಷಾರು, ಮೊದಲು ಕೈ ಊರಿ ಹಿಂದೆ ಮುಂದೆ ತೂಗಿಸಿ. ತಲೆ ಮೇಲೆ ನಿಲ್ಲೋದು, ಹಿಂದಕ್ಕೆ ಲಾಗ, ಇವೆಲ್ಲ ಈಗ ಬೇಡವೇ ಬೇಡ. ಮಕ್ಕಳು ವಿಡಿಯೋ ನೋಡ್ಕೊಂಡು ಬಂದು ಕೇಳೇ ಕೇಳ್ತಾರೆ.

ಡ್ಯಾನ್ಸ್ ಅಂತ ಮಾತ್ರ ಹಾಕ್ಬೇಡಿ. ಫೈಟಿಂಗ್ ಅಂತಾನೂ ಬೇಡ. ಪೋರ್ಚುಗೀಸಲ್ಲಿ ಕಪೊಯೆರಾನ ಆಡ್ತಾರೆ, ಜೋಗಾರ್ ಅನ್ನೋದೇ ಅದರ ಕ್ರಿಯಾಪದ, ಜಗಳ ಮಾಡೋದೂ ಅಲ್ಲ ಕುಣಿಯೋದೂ ಅಲ್ಲ. ಆಟ ಅಂತ ಬರೀರಿ. ಮೇಡಂಗೆ ಇದನ್ನೂ ಹೇಳಿ: 1890ರ ಬ್ರೆಜಿಲ್ ದಂಡ ಸಂಹಿತೆಯ 402ನೇ ವಿಧಿ ಪ್ರಕಾರ ಬೀದಿಯಲ್ಲಿ ಕಪೊಯೆರಾ ಆಡಿದ್ರೆ ಎರಡರಿಂದ ಆರು ತಿಂಗಳು ಜೈಲು ಇತ್ತು. ಅದೇ ದೇಶದಲ್ಲಿ 1937ರಲ್ಲಿ ಬಿಂಬಾ ಅವರ ಶಾಲೆಗೆ ಸರ್ಕಾರದ ಅಧಿಕೃತ ನೋಂದಣಿ ಸಿಕ್ತು, 2014ರಲ್ಲಿ ಕಪೊಯೆರಾ ರೋಡಾನ ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸ್ತು. ಇಷ್ಟು ನೋಟಿಸಲ್ಲಿ ಬರೆದ್ರೆ ಯಾವ ಪೇರೆಂಟ್ಸೂ ಇದು ಹೊಡೆದಾಟ ಅಂತ ಹೆದರಲ್ಲ ಅಂತ ನನ್ನ ನಂಬಿಕೆ. ಬಿಂಬಾ ತಮ್ಮ ಹತ್ರ ಬರೋರು ಓದ್ತಿರ್ಬೇಕು ಇಲ್ಲ ದುಡೀತಿರ್ಬೇಕು ಅಂತ ಪಟ್ಟು ಹಿಡೀತಿದ್ರು, ಅದನ್ನೂ ಸೇರಿಸಿ, ಸ್ಕೂಲಿನವರಿಗೆ ಹಿಡಿಸುತ್ತೆ.

ಒಬ್ಬ_ಅಪ್ಪ ಬರೆದಿದ್ದು:

ನಾನು ಆ ಕಡೆಯವನು, ಮಗನ್ನ ಇಂಥ ಕ್ಲಾಸಿಗೆ ಕಳಿಸೋ ಅಪ್ಪ. ನಿಜ ಹೇಳ್ತೀನಿ, ನಾನು ಸೇರಿಸಿದ್ದೇ ಅವನಿಗೆ ಸ್ಕೂಲಲ್ಲಿ ಇಬ್ಬರು ದೊಡ್ಡ ಹುಡುಗ್ರು ದಿನಾ ತಳ್ಳೋದು ಹೊಡೆಯೋದು ಮಾಡ್ತಿದ್ರು ಅಂತ. ಎರಡು ಏಟು ವಾಪಸ್ ಕೊಡೋದು ಕಲೀಲಿ ಅಂತ ಆಸೆ ಇತ್ತು. ಒಂದು ವರ್ಷ ಆಯ್ತು, ಹೊಡೆಯೋದಂತೂ ಕಲಿತಿಲ್ಲ, ಆದ್ರೆ ಬೆನ್ನು ನೆಟ್ಟಗಾಗಿದೆ, ಯಾರಾದ್ರೂ ಹತ್ರ ಬಂದ್ರೆ ಕಣ್ಣು ತಗ್ಗಿಸಲ್ಲ, ಪಕ್ಕಕ್ಕೆ ಜಾರ್ತಾನೆ. ಬರಿಗಾಲು ಮೇಡಂ, ನಿಮ್ಮ ಪೇರೆಂಟ್ಸಲ್ಲೂ ನನ್ನಂಥವರು ಇರ್ತಾರೆ, ಅವರಿಗೆ ಇದು ಏನು ಕೊಡುತ್ತೆ ಏನು ಕೊಡಲ್ಲ ಅಂತ ಮೊದಲೇ ಬಿಡಿಸಿ ಹೇಳಿ. ಇನ್ನೊಂದು, ಆ ಹಾಡುಗಳು ಅರ್ಥ ಆಗಲ್ಲ ಅಂತ ನಮ್ಮನೇಲಿ ಅಜ್ಜಿ ಶುರುವಿಗೆ ಗೊಣಗ್ತಿದ್ರು, ಅರ್ಥ ಗೊತ್ತಿಲ್ಲದ ಹಾಡು ಮಗು ಬಾಯಲ್ಲಿ ಯಾಕೆ ಅಂತ. ಅವರ ಮಾತಲ್ಲೂ ನ್ಯಾಯ ಇದೆ. ಹಾಡಿನ ಅರ್ಥ ಒಂದು ಚೀಟೀಲಿ ಬರೆದು ಕಳಿಸಿದ್ರೆ ಒಳ್ಳೇದು.

ಹಳೇತಂತಿ ಬರೆದಿದ್ದು:

ಅಪ್ಪ ಸಾರ್, ನಿಮ್ಮ ಮಾತು ಓದಿ ಪಾಸ್ಟಿಂಯಾ ಮೆಸ್ತ್ರಿ ಕಣ್ಮುಂದೆ ಬಂದ್ರು. ವಿಸೆಂಚಿ ಫೆರೇರಾ ಪಾಸ್ಟಿಂಯಾ, 1889ರಲ್ಲಿ ಹುಟ್ಟಿದ್ದು, 1941ರಲ್ಲಿ ಸಾಲ್ವದೋರಲ್ಲಿ ಅಂಗೋಲಾ ಶಾಲೆ ಕಟ್ಟಿದವರು. ಅವರೇ ಹೇಳ್ತಿದ್ದ ಕಥೆ, ಚಿಕ್ಕವರಿದ್ದಾಗ ತನಗಿಂತ ದೊಡ್ಡ ಹುಡುಗನೊಬ್ಬ ಸಿಕ್ಕಿದಾಗೆಲ್ಲ ಹೊಡೀತಿದ್ನಂತೆ, ಕಿಟಕಿಯಿಂದ ಅದನ್ನ ನೋಡ್ತಿದ್ದ ಬೆನೆದಿತೊ ಅನ್ನೋ ಆಫ್ರಿಕಾದ ಮುದುಕರು ಒಂದಿನ ಕರೆದು, ಬಾ ಇಲ್ಲಿ ನಾನು ಕಲಿಸ್ತೀನಿ ಅಂದ್ರಂತೆ. ನಾನು ಮಕ್ಕಳಿಗೆ ಈ ಕಥೆ ಹೇಳ್ತೀನಿ, ತಪ್ಪದೆ ಹೇಳ್ತೀನಿ, ಆದ್ರೆ ನಾನು ಒತ್ತಿ ಹೇಳೋದು ಕೊನೇಲಿ ಆ ಹುಡುಗನಿಗೆ ಏನಾಯ್ತು ಅನ್ನೋದನ್ನಲ್ಲ, ಕಿಟಕಿಯಲ್ಲಿ ಒಬ್ಬರು ನೋಡ್ತಿದ್ರು ಅನ್ನೋದನ್ನ. ಹೊಡೆಸಿಕೊಳ್ಳೋ ಮಗುವಿಗೆ ಯಾರೋ ನೋಡಿದ್ರು, ಕರೆದ್ರು ಅನ್ನೋದು ಬಹಳ ದೊಡ್ಡ ವಿಷಯ.

ಈಗ ಇತಿಹಾಸ. ಬರಿಗಾಲು ಅವರೇ, ಕೋಳ ಹಾಕಿದ್ರು ಅದಕ್ಕೆ ಕಾಲು, ಯಜಮಾನರಿಗೆ ತಿಳೀಬಾರ್ದು ಅಂತ ಕುಣಿತ, ಈ ಎರಡನ್ನೂ ನಾನು ಹೇಳೋದು ಬಿಟ್ಟಿದೀನಿ. ಕೇಳೋಕೆ ಚೆನ್ನಾಗಿದೆ, ಆದ್ರೆ ಅದಕ್ಕೆ ದಾಖಲೆ ಇಲ್ಲ. ದಾಖಲೆ ಸಿಗೋದು ಊರುಗಳಲ್ಲಿ, ಮುಖ್ಯವಾಗಿ ರಿಯೊ ದೆ ಜನೇರೊದಲ್ಲಿ. 1800ರ ನಂತರದ ಮೊದಲ ದಶಕಗಳಿಂದ್ಲೇ ಪೊಲೀಸರ ಪುಸ್ತಕದಲ್ಲಿ ಕಪೊಯೆರಾ ಆಡಿದ್ದಕ್ಕೆ ಹಿಡಿದ ಗುಲಾಮರ ಲೆಕ್ಕ ಇದೆ. ಮೂಟೆ ಹೊರೋರು, ನೀರು ಹೊರೋರು, ಬೀದಿ ಬೀದಿ ಸುತ್ತಿ ದುಡಿಯೋರು, ಅವರು ಬಿಡುವಲ್ಲಿ ಚೌಕಗಳಲ್ಲಿ ಸೇರ್ತಿದ್ರು. ರುಗೆಂಡಾಸ್ ಅನ್ನೋ ಜರ್ಮನ್ ಚಿತ್ರಕಾರ 1835ರಲ್ಲಿ ಪ್ರಕಟಿಸಿದ ಒಂದು ಚಿತ್ರ ಇದೆ, ಇಬ್ಬರು ಎದುರೆದುರು ಮೈ ಬಗ್ಗಿಸಿ ನಿಂತಿದಾರೆ, ಒಬ್ಬ ಡೋಲಿನ ಮೇಲೆ ಕೂತು ಬಾರಿಸ್ತಿದಾನೆ, ಸುತ್ತ ಜನ ನಿಂತು ನೋಡ್ತಿದಾರೆ. ಬೆರಿಂಬಾವ್ ಅದರಲ್ಲಿ ಇಲ್ಲ! ನಾನು ಆ ಚಿತ್ರ ಪ್ರಿಂಟ್ ಹಾಕಿಸಿ ಮಕ್ಕಳ ನಡುವೆ ಇಟ್ಟು ಏನೇನು ಕಾಣ್ಸುತ್ತೆ ಹೇಳಿ ಅಂತೀನಿ. ಯಾರ ಕೈಯಲ್ಲೂ ಕೋಳ ಇಲ್ಲ ಅಂತ ಅವರೇ ಕಂಡುಹಿಡೀತಾರೆ, ನಗ್ತಿದಾರೆ ಅಂತಾರೆ, ಒಬ್ಬಳು ಬುಟ್ಟಿ ಇಟ್ಕೊಂಡಿದಾಳೆ ಅಂತಾರೆ. ಗುಲಾಮರು ಅಂದ ತಕ್ಷಣ ಬರೀ ಸರಪಳಿ ಕಾಣೋ ಬದಲು ಮನುಷ್ಯರು ಕಾಣ್ತಾರೆ.

"ಯಾಕೆ ಓಡಿಹೋಗ್ಲಿಲ್ಲ" ಅಂತ ಕೇಳಿದ ಹುಡುಗಿಗೆ ನನ್ನ ನಮಸ್ಕಾರ ಹೇಳಿ. ಓಡಿಹೋದ್ರು ಅಂತ ಹೇಳಿ ಅವಳಿಗೆ. ಸಾವಿರಾರು ಜನ ಓಡಿಹೋದ್ರು, ಕಾಡಲ್ಲಿ ತಮ್ಮದೇ ಊರು ಕಟ್ಕೊಂಡ್ರು, ಅದಕ್ಕೆ ಕಿಲೊಂಬು ಅಂತಾರೆ. ಎಲ್ಲಕ್ಕಿಂತ ದೊಡ್ಡದು ಪಲ್ಮಾರೆಸ್, ಈಗಿನ ಅಲಗೋವಾಸ್ ರಾಜ್ಯದ ಬೆಟ್ಟಗಳಲ್ಲಿ, 1600ರ ದಶಕಗಳ ಉದ್ದಕ್ಕೂ ಸೈನ್ಯದ ಮೇಲೆ ಸೈನ್ಯ ಬಂದ್ರೂ ಬಿದ್ದಿದ್ದು 1694ರಲ್ಲಿ. ಅವರ ನಾಯಕ ಜುಂಬಿಯನ್ನ 1695ರ ನವೆಂಬರ್ 20ಕ್ಕೆ ಕೊಂದ್ರು. ಬ್ರೆಜಿಲಲ್ಲಿ ಆ ದಿನ ಈಗ ರಾಷ್ಟ್ರೀಯ ರಜೆ. ಗುಲಾಮಗಿರಿಯನ್ನ ಕಾನೂನು ಮಾಡಿ ನಿಲ್ಲಿಸಿದ್ದು 1888ರ ಮೇ 13ಕ್ಕೆ, ಅದರ ಎರಡೇ ವರ್ಷಕ್ಕೆ ಅರ್ಧಚಂದ್ರ ಹೇಳಿದ ಆ ಜೈಲಿನ ಕಾನೂನು. ದೊಡ್ಡ ಮಕ್ಕಳು ಇದನ್ನ ಕೇಳಿ "ಬಿಟ್ಮೇಲೂ ಹಿಡಿದ್ರಾ?" ಅಂತಾರೆ. ಹೌದು, ಬಿಟ್ಮೇಲೂ ಹಿಡಿದ್ರು ಅಂತ ಹೇಳಿ ಅಲ್ಲಿಗೆ ನಿಲ್ಲಿಸಿ. ಚಾಟಿ ಏಟು, ಹಡಗಿನ ಸಾವು, ಇವನ್ನ 6 ವರ್ಷದವರ ಮುಂದೆ ವರ್ಣಿಸೋದು ಬೇಡ. ಮನೆಯಿಂದ ದೂರ ಎಳ್ಕೊಂಡು ಹೋದ್ರು, ಕೂಲಿ ಕೊಡ್ದೆ ದುಡಿಸಿದ್ರು, ಮಾರಿದ್ರು ಕೊಂಡ್ರು, ಇಷ್ಟು ಹೇಳಿದ್ರೆ ಮಗುವಿಗೆ ಅನ್ಯಾಯ ಅರ್ಥ ಆಗುತ್ತೆ. ಬ್ರೆಜಿಲಲ್ಲೇ 2003ರಿಂದ 10,639ನೇ ಕಾನೂನಿನ ಪ್ರಕಾರ ಆಫ್ರಿಕಾದ ಮತ್ತು ಆಫ್ರೋ-ಬ್ರೆಜಿಲಿಯನ್ನರ ಇತಿಹಾಸ ಶಾಲೆಗಳಲ್ಲಿ ಹೇಳ್ಲೇಬೇಕು. ಅಲ್ಲಿನ ಮಕ್ಕಳು ಕಲೀಬಹುದಾದ್ರೆ ನಮ್ಮ ಮಕ್ಕಳೂ ಕಲೀಬಹುದು. ಅದನ್ನ ಬಿಟ್ಟು ಬರೀ ಡ್ಯಾನ್ಸ್ ಅಂತ ಹಾಕಿದ್ರೆ ಯಾರು ಇದನ್ನ ಜೈಲಿಗೆ ಹೋಗಿ ಉಳಿಸಿದ್ರೋ ಅವರನ್ನೇ ನೋಟಿಸಿಂದ ಅಳಿಸಿದ ಹಾಗೆ.

ಅಜ್ಜಿ ಮಾತಿಗೆ: ಹಾಡಿನ ಅರ್ಥ ಖಂಡಿತ ಕಳಿಸ್ಬೇಕು, ಮತ್ತೆ ಆರಿಸಿ ಹಾಡಿಸ್ಬೇಕು, ಹಳೇ ಹಾಡುಗಳಲ್ಲಿ ಕೊಲ್ಲೋದು ಕಡಿಯೋದು ಇರೋವೂ ಇವೆ. ಒಬ್ಬರು ಒಂದು ಸಾಲು ಹಾಡಿದ್ರೆ ಎಲ್ಲರೂ ಒಂದೇ ಉತ್ತರ ಹೇಳೋ ಕೊರಿದೊ ಥರದವು ಮಕ್ಕಳಿಗೆ ಬೇಗ ಹತ್ತುತ್ತೆ. ಭಾಷೆ ಪರಕೀಯ ಅಂತ ಅನ್ಸಿದ್ರೆ ಅಜ್ಜಿಗೆ ಒಂದು ಮಾತು ಹೇಳಿ ಸಾರ್, ನಾವು ಮನೆ ಕಟ್ಟಿಸುವಾಗ ಕರೆಯೋ ಮೇಸ್ತ್ರಿ ಇದಾರಲ್ಲ, ಆ ಮಾತು ಬಂದಿದ್ದೇ ಪೋರ್ಚುಗೀಸಿನ ಮೆಸ್ತ್ರಿಯಿಂದ. ಬೀಗದ ಚಾವಿಯೂ ಅಲ್ಲಿಂದ್ಲೇ. ನನ್ನ ಕ್ಲಾಸಿನ ಮಕ್ಕಳಿಗೆ ಇದು ಗೊತ್ತಾದ್ಮೇಲೆ ನನ್ನನ್ನ ಮೇಸ್ತ್ರಿ ಅಂತಾನೇ ಕರೀತಾರೆ. ನಾನಿನ್ನೂ ಮೆಸ್ತ್ರಿ ಆಗಿಲ್ಲ, ಆ ಹೆಸರು ತುಂಬಾ ದೊಡ್ಡದು ಅಂತ ತಿದ್ದಿ ತಿದ್ದಿ ಹೇಳ್ತಿರ್ತೀನಿ.

ಅರ್ಧಚಂದ್ರ ಬರೆದಿದ್ದು:

ಆ ಕೋಳದ ಕಥೆ ನಾನೂ ಹೇಳ್ತಿದ್ದೆ, ಇನ್ಮೇಲೆ ಹೇಳಲ್ಲ. ಒಂದು ಮರೆತೆ, ಅಡ್ಡಹೆಸರು. ಕಪೊಯೆರಾದಲ್ಲಿ ಎಲ್ಲರಿಗೂ ಒಂದು ಅಡ್ಡಹೆಸರು ಇಡೋ ರೂಢಿ ಇದೆ, ಪೊಲೀಸರಿಗೆ ನಿಜವಾದ ಹೆಸರು ಸಿಗಬಾರ್ದು ಅಂತ ಶುರುವಾಯ್ತು ಅಂತಾರೆ. ಮಕ್ಕಳ ವಿಷಯದಲ್ಲಿ ನೀವೇ ಇಡೋಕೆ ಹೋಗ್ಬೇಡಿ, ದಪ್ಪ, ಕಪ್ಪು, ಕುಳ್ಳ ಅಂತ ದೇಹ ನೋಡಿ ಇಟ್ಟ ಹೆಸರು ಸ್ಕೂಲ್ ತುಂಬಾ ಹಬ್ಬಿ ಹಿಂಸೆ ಆಗುತ್ತೆ. ನಮ್ಮಲ್ಲಿ ಮಗುವೇ ಮೂರು ಹೆಸರು ಬರ್ಕೊಂಡು ಬರುತ್ತೆ, ಅದರಲ್ಲಿ ಒಂದನ್ನ ಎಲ್ಲರೂ ಸೇರಿ ಆರಿಸ್ತೀವಿ. ಕಲಿತ ಮಟ್ಟ ತೋರಿಸೋಕೆ ಸೊಂಟಕ್ಕೆ ಹಗ್ಗ ಕಟ್ಟೋ ಕಾರ್ಯಕ್ರಮಕ್ಕೂ ಅವಸರ ಬೇಡ, ಬಣ್ಣದ ಹಗ್ಗದ ಕ್ರಮ ಗುಂಪಿಂದ ಗುಂಪಿಗೆ ಬೇರೆ, ಮೊದಲ ವರ್ಷ ಹಗ್ಗ ಇಲ್ಲದೆ ಆಡ್ಲಿ.

ಬರಿಗಾಲು ಬರೆದಿದ್ದು:

ಐದು ವಾರ ಆಯ್ತು, ನಿಮಗೆಲ್ಲ ಹೇಳ್ಲೇಬೇಕು ಅಂತ ಬಂದೆ.

ಮೊದಲು ಮಕ್ಕಳಮೇಡಂ ಅವರಿಗೆ, ಆ ಹುಡುಗಿ ಒಂದು ಕ್ಲಾಸ್ ತಪ್ಪಿಸಿ ವಾಪಸ್ ಬಂದ್ಳು. ಒದ್ದ ಹುಡುಗನ್ನ ಅವಳ ಜೊತೆ ಕೂರಿಸಿ ಮಾತಾಡಿಸ್ದೆ, ಅವನು ತಲೆ ತಗ್ಗಿಸಿ "ನೀನು ಅಲ್ಲಿರ್ತೀಯ ಅಂತ ನಂಗೆ ಕಾಣಿಸ್ಲಿಲ್ಲ" ಅಂದ. ಅದೇ ನಿಜ ಕೂಡ. ಈಗ ಅವನಿಗೆ ಒಬ್ಬ 6 ವರ್ಷದವನನ್ನ ವಹಿಸಿದೀನಿ, ಆ ಚಿಕ್ಕವನ ಲೇಸ್ ಕಟ್ಟೋದ್ರಿಂದ ಹಿಡಿದು ಎಲ್ಲ ಇವನದೇ. ಸ್ಪಂಜಿನ ಕೋಲು ತಂದೆ, ಅರ್ಧಚಂದ್ರ ಅಣ್ಣ, ಮಕ್ಕಳಿಗೆ ಅದೇ ಈಗ ಎಲ್ಲಕ್ಕಿಂತ ಇಷ್ಟದ ಆಟ, ಒದೆಯೋದು ಯಾವಾಗ ಅನ್ನೋ ಪ್ರಶ್ನೆ ನಿಂತು "ಅಕ್ಕಾ ಕೋಲು ಯಾವಾಗ" ಅಂತಾಗಿದೆ.

ನೋಟಿಸಿಗೆ ನಾನೇ ನಾಲ್ಕು ಸಾಲು ಬರೆದು ತಗೊಂಡು ಹೋದೆ. ಡ್ಯಾನ್ಸ್ ಅಂತ ಹಾಕಿಲ್ಲ, "ಬ್ರೆಜಿಲಿನ ಕಪ್ಪು ಜನ ಕಟ್ಟಿದ ಆಟ, ಹಾಡು ವಾದ್ಯದ ಜೊತೆ, ಹೊಡೆತ ತಾಗಿಸದೆ ಆಡೋದು" ಅಂತ ಬರೆದೆ, ಕೆಳಗೆ 1890, 1937, 2014. ಮೇಡಂ ಎರಡು ಸಲ ಓದಿದ್ರು. ಆ ಜೈಲಿನ ಸಾಲು ತೆಗೀಬೇಕಾ ಅಂತ ಕೇಳ್ದೆ. ಬೇಡ, ಇರ್ಲಿ, ನಂಗೂ ಗೊತ್ತಿರ್ಲಿಲ್ಲ ಅಂದ್ರು. ಒಬ್ಬರು ತಾಯಿ ಮಾತ್ರ ಮಗಳನ್ನ ಬಿಡಿಸಿದ್ರು, ಅದಕ್ಕೆ ಬೇಜಾರಿದೆ.

ಚಿತ್ರ ಪ್ರಿಂಟ್ ತಗೊಂಡು ಹೋಗಿ ನಡುವೆ ಇಟ್ಟೆ. ಪಲ್ಮಾರೆಸ್ ಕಥೆ ಹೇಳ್ದಾಗ ಆ 9 ವರ್ಷದವಳು ಏನೂ ಮಾತಾಡ್ಲಿಲ್ಲ, ಕ್ಲಾಸ್ ಮುಗಿದು ಅಪ್ಪ ಬಂದಾಗ ಬಾಗಿಲಲ್ಲೇ ಅವರನ್ನ ನಿಲ್ಲಿಸ್ಕೊಂಡು "ಓಡಿಹೋದ್ರಂತೆ ಅಪ್ಪ, ಊರೇ ಕಟ್ಟಿದ್ರಂತೆ" ಅಂತ ಹೇಳ್ತಿದ್ಳು.

ಇನ್ನು ಗೋಡೆ ಹುಡುಗ. ಕಶಿಶಿ ಕೊಟ್ಟು ಪಕ್ಕ ಕೂರಿಸ್ಕೊಂಡೆ. ಎರಡು ವಾರ ಅದನ್ನೇ ಅಲ್ಲಾಡಿಸ್ತಾ ಇದ್ದ, ಬಾಯಲ್ಲಿ ತ್ಚಿ ತ್ಚಿ ಅಂತ ಶಬ್ದ ಬರ್ದೆ ಬರೀ ತುಟಿ ಅಲ್ಲಾಡೋದು. ಮೂರನೇ ವಾರ ಬೆರಿಂಬಾವ್ ಕೇಳ್ದ. ಕಿರುಬೆರಳನ್ನ ಆ ದಾರದ ಕುಣಿಕೆಯೊಳಗೆ ಸೇರಿಸಿ ಎತ್ತಿದಾಗ ಪೂರ್ತಿ ತೂಕ ಅದೊಂದೇ ಬೆರಳ ಮೇಲೆ ಬಿತ್ತಲ್ಲ, ಕೈ ನಡುಗೋಕೆ ಶುರುವಾಯ್ತು, ಆದ್ರೂ ಕೆಳಗಿಡ್ಲಿಲ್ಲ, ಬೆರಳು ಬೆಳ್ಳಗಾಗಿತ್ತು. ನಾನು ಮೇಲಿಂದ ಕಡ್ಡಿ ಹಿಡ್ಕೊಂಡೆ, ಅವನು ಬಾರಿಸ್ದ. ಹೋದ ಗುರುವಾರ ಇಬ್ಬರು ದೊಡ್ಡವರ ಆಟ ಸ್ವಲ್ಪ ಬಿಸಿಯಾಯ್ತು, ಒಬ್ಬ ತಳ್ದ, ಇನ್ನೊಬ್ಬ ಮುಖ ಕೆಂಪು ಮಾಡ್ಕೊಂಡ. ನಾನು ಬಾಯಿ ತೆಗೆಯೋ ಮುಂಚೆ ಇವನು ತಾಳ ಬಿಟ್ಟು ದಿಂ ದಿಂ ದಿಂ ದಿಂ ಅಂತ ಒಂದೇ ಸಮ ಹೊಡೆದ, ಆಡೋರನ್ನ ವಾಪಸ್ ಕರೆಯೋಕೆ ನಾನು ಹೊಡೀತೀನಲ್ಲ ಹಾಗೇ. ಹೇಳಿಕೊಟ್ಟಿರ್ಲಿಲ್ಲ ಅವನಿಗೆ, ಪಕ್ಕದಲ್ಲಿ ಕೂತು ನೋಡ್ಕೊಂಡಿದ್ದ. ಆ ಇಬ್ಬರೂ ನಿಂತ್ರು, ಬಂದು ಇವನ ಮುಂದೆ ಕುಕ್ಕರಗಾಲಲ್ಲಿ ಕೂತ್ರು. ತನಗಿಂತ ಮೂರು ವರ್ಷ ದೊಡ್ಡವರು. ಅವನು ನನ್ನ ಮುಖ ನೋಡ್ದ, ಮತ್ತೆ ತಾಳ ನಿಧಾನಕ್ಕೆ ಶುರು ಮಾಡ್ದ, ಅವ್ರು ಕೈ ಕೊಟ್ಕೊಂಡು ಮತ್ತೆ ಆಡೋಕೆ ಹೋದ್ರು. ಒಳಗೆ ಮಾತ್ರ ಅವನಿನ್ನೂ ಇಳಿದಿಲ್ಲ. ನಾನು ಕೇಳಿಲ್ಲ.

ಹಳೇತಂತಿ ಅಣ್ಣ, ನನ್ನ ಬೆರಿಂಬಾವ್ ಅವನಿಗೆ ತುಂಬಾ ದೊಡ್ಡದು, ತಲೆಗಿಂತ ಎತ್ತರ ಬರುತ್ತೆ. ಚಿಕ್ಕದೊಂದು ಮಾಡಿಕೊಡ್ಬೇಕು ಅಂತಿದೀನಿ, ಕಡ್ಡಿ ಎಷ್ಟುದ್ದ ಇರ್ಬೇಕು?

ಹಳೇತಂತಿ ಬರೆದಿದ್ದು:

ಕೊನೇದನ್ನ ಎರಡು ಸಲ ಓದ್ದೆ. ದೊಡ್ಡವರದ್ದು ಸಾಮಾನ್ಯವಾಗಿ ಒಂದೂವರೆ ಮೀಟರ್ ಹತ್ರ ಇರುತ್ತೆ, ಅವನಿಗೆ ಒಂದು ಮೀಟರ್ ಸಾಕು, ನೆಲಕ್ಕೆ ನಿಲ್ಲಿಸಿದ್ರೆ ಅವನ ಎದೆ ಮಟ್ಟಕ್ಕೆ ಬಂದ್ರೆ ಸರಿ. ಕಡ್ಡಿ ಹೆಬ್ಬೆರಳಿಗಿಂತ ದಪ್ಪ ಬೇಡ, ಬಗ್ಗಿಸಿ ಬಿಟ್ರೆ ಮತ್ತೆ ನೆಟ್ಟಗಾಗೋ ಮರ ಇರ್ಲಿ. ತಂತಿಗೆ ಹಳೇ ಟೈರಿನ ಅಂಚು ಕೊಯ್ದು ಒಳಗಿನದನ್ನ ತೆಗೀರಿ, ನೀವೇ ತೆಗೀರಿ, ತುದಿ ಚುಚ್ಚುತ್ತೆ. ಸೋರೆ ಬುರುಡೆ ಹಗುರದ್ದು ನೋಡಿ, ಮಕ್ಕಳ ಬೆರಳಿಗೆ ನೋವಾಗೋದು ಮುಕ್ಕಾಲು ಪಾಲು ಬುರುಡೆ ತೂಕದಿಂದ. ಕುಣಿಕೆ ದಾರಕ್ಕೆ ಮೆತ್ತನೆ ಹತ್ತಿ ಹಗ್ಗ ಹಾಕಿ. ಮತ್ತೆ ಕ್ಲಾಸ್ ಮುಗಿದ ಮೇಲೆ ತಂತಿ ಬಿಚ್ಚಿ ಇಡೋದನ್ನ ಅವನಿಗೇ ಕಲಿಸಿ, ಕಟ್ಟಿದ್ದನ್ನ ಹಾಗೇ ಬಿಟ್ರೆ ಕಡ್ಡಿ ಬಗ್ಗಿದ ಹಾಗೇ ಉಳಿದು ನಾದ ಸತ್ತುಹೋಗುತ್ತೆ.